ಬ್ರೌಸರ್ ನೋಡಿ ಬುದ್ಧಿ ಹೇಳುವ ಶಾಸ್ತ್ರ

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಯೊಬ್ಬರ ಲ್ಯಾಪ್‌ಟಾಪ್ ತೆರೆದ ಕೂಡಲೇ ಪರದೆಯ ಮೇಲೆ ಒಂದು ಚಿಕ್ಕ ಚೌಕ ಪುಟಿದು ಬಂತು. ನನ್ನನ್ನೇ ಖಾಯಂ ಬ್ರೌಸರ್ ಮಾಡಿಕೊಳ್ಳುತ್ತೀರಾ ಎಂದು ಕೇಳಿತು. ಬೇಡ ಎಂದು ಒತ್ತಿದೆ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿತು. ಪಂಚಾಯಿತಿ ಚುನಾವಣೆಯಲ್ಲಿ ಕೈ ಮುಗಿದುಕೊಂಡು ಹೊಸ್ತಿಲು ಬಿಟ್ಟು ಕದಲದ ಅಭ್ಯರ್ಥಿಯ ಧ್ವನಿಯಲ್ಲಿ ಅದನ್ನು ಗಿರಾಕಿಗೆ ಓದಿ ಹೇಳಿದೆ. ಅವರು ನಕ್ಕರು. ನನಗೆ ಮಾತ್ರ ಮಳವಳ್ಳಿಯ ಒಂದು ತಾರಸಿ ನೆನಪಾಯಿತು.

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಸಿಕ್ಕವರ ಧ್ವನಿ ಅನುಕರಿಸುವುದು ನನ್ನ ಚಟ. ಕೆಲಸಕ್ಕಿಂತ ಚಟದಲ್ಲೇ ಹೆಸರು ಹೆಚ್ಚು. ಕೆಲವು ವರ್ಷಗಳ ಹಿಂದೆ ಈ ಎರಡೂ ಸೇರಿ ನನ್ನ ತಲೆಯಲ್ಲಿ ಒಂದು ಶಾಸ್ತ್ರ ಹುಟ್ಟಿತ್ತು. ಬ್ರೌಸರ್ ಎಂದರೆ ನಿಮಗೆ ಗೊತ್ತಿರುತ್ತದೆ, ಇಂಟರ್ನೆಟ್ಟಿನೊಳಗೆ ಹೋಗುವ ಬಾಗಿಲು. ಊರು ಒಂದೇ, ಬಾಗಿಲು ಹತ್ತಾರು. ಯಾರು ಯಾವ ಬಾಗಿಲಿಂದ ಹೋಗುತ್ತಾರೆ ಎಂದು ನೋಡಿದರೆ ಅವರ ಬುದ್ಧಿ ಎಷ್ಟೆಂದು ಹೇಳಬಹುದಂತೆ, ಬಾಗಿಲು ಅಪರೂಪದ್ದಾದಷ್ಟೂ ಬುದ್ಧಿ ಹೆಚ್ಚಂತೆ. ಹಾಗೆಂದು ಯಾರೋ ಫೋನಿಗೆ ಕಳಿಸಿದ್ದರು. ನಾನು ಆಗ ಬಳಸುತ್ತಿದ್ದದ್ದು ಇಡೀ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬರು ಹೆಸರು ಕೇಳಿರದ ಬ್ರೌಸರ್. ಆ ಲೆಕ್ಕದಲ್ಲಿ ನಾನು ಮಹಾ ಬುದ್ಧಿವಂತ. ಹೀಗಾಗಿ ಆ ಮಾತನ್ನು ಅನುಮಾನಿಸುವ ಅಗತ್ಯ ಕಾಣಲಿಲ್ಲ.

ಅಂದಿನಿಂದ ಗಿರಾಕಿಗಳನ್ನು ವಿಂಗಡಿಸತೊಡಗಿದೆ. ಕಂಪ್ಯೂಟರಿನ ಜೊತೆಗೇ ಬಂದ ನೀಲಿ ಗುರುತಿನದನ್ನೇ ಬಳಸುವವರು, ಛತ್ರದಲ್ಲಿ ಮೊದಲು ಬಡಿಸಿದ ಕೋಸಂಬರಿಯಲ್ಲೇ ಹೊಟ್ಟೆ ತುಂಬಿಸಿಕೊಂಡು ಎದ್ದು ಹೋಗುವವರು. ನಾಲ್ಕು ಬಣ್ಣದ ಚಕ್ರದ ಗುರುತಿನ ಬ್ರೌಸರಿನವರು, ಎಲ್ಲರೂ ನಿಂತಿದ್ದಾರೆಂದು ತಾವೂ ಸಾಲಿನಲ್ಲಿ ನಿಂತು, ಇಲ್ಲಿ ಏನು ಕೊಡುತ್ತಾರೆ ಎಂದು ಆಮೇಲೆ ಕೇಳುವವರು. ಬೆಸಗರಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ತೆರೆದ ಪುಟವನ್ನು ಮುಚ್ಚುತ್ತಲೇ ಇರಲಿಲ್ಲ. ಮನೆಗೆ ಬಂದವರನ್ನು ಹೊರಡಿ ಎನ್ನುವುದು ಹೇಗಪ್ಪ ಎನ್ನುತ್ತಿದ್ದರು. ಅವರ ಕಂಪ್ಯೂಟರ್ ಆ ನೆಂಟರ ಭಾರಕ್ಕೆ ಉಬ್ಬಸ ಬಂದಂತೆ ಏದುಸಿರು ಬಿಡುತ್ತಿತ್ತು. ಮೇಷ್ಟ್ರ ಧ್ವನಿಯನ್ನೂ ಕಂಪ್ಯೂಟರಿನ ಉಬ್ಬಸವನ್ನೂ ಒಟ್ಟಿಗೆ ಮಾಡಿ ತೋರಿಸುವುದು ನನ್ನ ಅತ್ಯುತ್ತಮ ಪ್ರದರ್ಶನವಾಗಿತ್ತು. ಪಕ್ಕದ ಮೊಬೈಲ್ ಅಂಗಡಿಯ ಮುಬಾರಕ್ ಮಾತ್ರ ನನ್ನ ಶಾಸ್ತ್ರಕ್ಕೆ ಮರ್ಯಾದೆ ಕೊಡಲಿಲ್ಲ.

"ಯಾರೂ ಬಳಸ್ದೇ ಇರೋದು ಬಳಸುದ್ರೆ ಬುದ್ವಂತ್ನಾ? ನಮ್ ಬೀದೀಲಿ ಚಪ್ಲಿನ ತಲೆ ಮೇಲಿಟ್ಕೊಂಡು ಓಡಾಡೋನೂ ಒಬ್ನೇ ಕಣ್ಲಾ," ಎಂದಿದ್ದ.

ಹೀಗಿರುವಾಗ ಅವ್ವ ಮಳವಳ್ಳಿಯಲ್ಲಿ ಒಂದು ಹೆಣ್ಣು ಹುಡುಕಿದಳು. ಹೆಸರು ಭವ್ಯ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅದಕ್ಕೂ ಮುಂಚೆ ಎರಡು ಸಂಬಂಧ ಬಂದು ತಪ್ಪಿ ಹೋಗಿದ್ದವಂತೆ. ಬಸ್ಸಿನಲ್ಲಿ ಹೋಗುತ್ತಾ ಅವ್ವ ಎಲ್ಲವನ್ನೂ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿದಳು. ಹುಡುಗಿ ಲಕ್ಷಣವಾಗಿದ್ದಾಳೆ, ಮನೆಯವರು ಒಳ್ಳೆಯವರು, ಮದುವೆಯಾದ ಮೇಲೆ ಆ ಸೂಜಿ ಚುಚ್ಚುವ ಕೆಲಸ ಬಿಡಿಸಿದರಾಯಿತು. ನಾನು ಹೂಂಗುಟ್ಟಿದೆ. ಬುದ್ಧಿವಂತನಂತೆ ಆಡಬೇಕಾದ ಮಾತುಗಳನ್ನು ಒಳಗೇ ಉರು ಹೊಡೆಯುತ್ತಿದ್ದ ನನಗೆ ಅವ್ವನ ಮಾತು ಅರ್ಧವೂ ಕೇಳಿಸಿರಲಿಲ್ಲ.

ಉಪ್ಪಿಟ್ಟು, ಕೇಸರಿಬಾತು, ಕಾಫಿ ಆದವು. ಹುಡುಗ ಹುಡುಗಿ ಏನಾದರೂ ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ತಾರಸಿಗೆ ಕಳಿಸಿದರು. ಒಂದು ಮೂಲೆಯಲ್ಲಿ ಸಂಡಿಗೆ ಒಣಗುತ್ತಿತ್ತು. ಎರಡು ಖಾಲಿ ಎಣ್ಣೆ ಡಬ್ಬ ಮಗುಚಿ ಹಾಕಿ ಅವಳು ಒಂದರ ಮೇಲೆ ಕೂತಳು. ನಾನು ಗಂಟಲು ಸರಿ ಮಾಡಿಕೊಂಡು, ನೀವು ಯಾವ ಬ್ರೌಸರ್ ಬಳಸ್ತೀರಾ ಎಂದು ಕೇಳಿದೆ. ಹೆಣ್ಣು ನೋಡಲು ಬಂದ ಗಂಡುಗಳಲ್ಲಿ ಇದನ್ನು ಕೇಳಿದ ಮೊದಲಿಗ ನಾನೇ ಇರಬೇಕು.

ಫೋನಿನ ಜೊತೆ ಬಂದದ್ದು ಎಂದಳು. ರೋಗ ಸಿಕ್ಕಿತು ಎನ್ನುವ ಡಾಕ್ಟರರಂತೆ ತಲೆ ಆಡಿಸಿದೆ. ಯಾಕೆ ಎಂದು ಕೇಳಿದ್ದಕ್ಕೆ ನನ್ನ ಶಾಸ್ತ್ರವನ್ನೆಲ್ಲ ಬಿಚ್ಚಿ ಹರಡಿದೆ. ಮೇಷ್ಟ್ರನ್ನೂ ಉಬ್ಬಸದ ಕಂಪ್ಯೂಟರನ್ನೂ ಮಾಡಿ ತೋರಿಸಿದೆ. ಚೆನ್ನಾಗಿ ನಕ್ಕಳು. ಗೆದ್ದೆ ಎಂದುಕೊಂಡೆ.

"ದಿನಾ ಎಷ್ಟೋ ಜನ್ರ ರಕ್ತ ನೋಡ್ತೀನಿ," ಎಂದಳು ನಗು ನಿಂತ ಮೇಲೆ. "ಸಕ್ರೆ ಎಷ್ಟೈತೆ ಅಂತ ಹೇಳ್ತೀನಿ. ಬುದ್ಧಿ ಎಷ್ಟೈತೆ ಅಂತ ರಕ್ತದಲ್ಲೂ ಗೊತ್ತಾಗಲ್ಲ. ನೀವು ಬಾಗಿಲು ನೋಡೇ ಹೇಳ್ಬುಡ್ತೀರಲ್ಲ. ಬಾಗಿಲು ಬುಡಿ, ಒಳಕ್ಕೋಗಿ ಏನ್ ಕೇಳಿದ್ರಿ ಅದನ್ನ ತೋರ್ಸಿ."

ನನಗೆ ಅರ್ಥವಾಗಲಿಲ್ಲ. ಅವಳು ಕೈ ಚಾಚಿ, "ಹಿಸ್ಟರಿ," ಎಂದಳು.

ನೀವೇ ಹೇಳಿ, ಯಾರು ಕೊಡುತ್ತಾರೆ? ಜಾತಕ ಕೇಳಬಹುದಿತ್ತು, ಸಂಬಳ ಕೇಳಬಹುದಿತ್ತು. ನಾವು ಬ್ರೌಸರಿನಲ್ಲಿ ಹುಡುಕಿದ್ದನ್ನೆಲ್ಲ ಅದು ಒಂದರ ಕೆಳಗೊಂದು ಇಟ್ಟುಕೊಂಡಿರುತ್ತದೆ, ಮನೆಯವರಿಗೂ ಹೇಳದ ಪ್ರಶ್ನೆಗಳು ಅಲ್ಲಿರುತ್ತವೆ. ನನ್ನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಅಷ್ಟರಲ್ಲಿ ಕೆಳಗಿನಿಂದ ಅವ್ವನ ಧ್ವನಿ ತೇಲಿ ಬಂತು. ನಮ್ಮ ಹುಡುಗನದು ಭಾರೀ ತಲೆ ಎಂದು ಬೀಗರಾಗಲಿರುವವರಿಗೆ ವಿವರಿಸುತ್ತಿದ್ದಳು. ಆ ಮಾತು ಕೇಳಿಯೂ ಫೋನು ಕೊಡದಿದ್ದರೆ ಚೆನ್ನಾಗಿರುತ್ತಿರಲಿಲ್ಲ. ಕೊಟ್ಟೆ.

ಅವಳು ಓದಿದಳು. ಸುಮ್ಮನೆ ಓದಲಿಲ್ಲ, ನನ್ನ ಧ್ವನಿಯಲ್ಲಿ ಓದಿದಳು. ಗಂಟಲು ಸರಿ ಮಾಡಿಕೊಂಡು, ಹುಬ್ಬು ಏರಿಸಿ, ಒಂದೊಂದು ಮಾತನ್ನೂ ತೂಗಿ ಇಡುವ ಆ ನನ್ನದೇ ಠೀವಿಯಲ್ಲಿ: ಹೆಣ್ಣು ನೋಡಲು ಹೋದಾಗ ಏನು ಮಾತಾಡಬೇಕು. ಬುದ್ಧಿವಂತರಂತೆ ಕಾಣುವುದು ಹೇಗೆ. ಮೂಗಿನ ಮೇಲಿನ ಮೊಡವೆ ಒಂದೇ ದಿನದಲ್ಲಿ ಹೋಗಲು ಏನು ಹಚ್ಚಬೇಕು. ಊರಿನವರ ಧ್ವನಿಯನ್ನೆಲ್ಲ ಕದ್ದು ತಿರುಗುತ್ತಿದ್ದವನ ಧ್ವನಿಯನ್ನು ಅದುವರೆಗೆ ಯಾರೂ ಕದ್ದಿರಲಿಲ್ಲ. ಎಷ್ಟು ಸರಿಯಾಗಿ ಹಿಡಿದಿದ್ದಳೆಂದರೆ, ನಾಚಿಕೆಯಾಗುವುದಕ್ಕೂ ಮುಂಚೆ ನನಗೆ ಭೇಷ್ ಎನ್ನಿಸಿತು. ಮೊಡವೆ ಹೋಗಿಲ್ಲ ಎಂದು ಕೊನೆಗೆ ತನ್ನದೇ ಧ್ವನಿಯಲ್ಲಿ ಹೇಳಿ, ನ್ಯಾಯಕ್ಕೆ ನ್ಯಾಯ ಎಂಬಂತೆ ತನ್ನ ಫೋನನ್ನೂ ನನ್ನ ಕೈಗಿಟ್ಟಳು.

ಅಲ್ಲಿ ತೀರಾ ಮೇಲೆ ಇದ್ದದ್ದು: ಮದ್ದೂರಿನಿಂದ ಮಳವಳ್ಳಿಗೆ ಬೆಳಗಿನ ಮೊದಲ ಬಸ್ಸು. ಕೆಳಗೆ ಸರಿಸಿದೆ. ಅಡುಗೆ, ಔಷಧಿ, ಯಾವುದೋ ಯಂತ್ರದ ವಿಷಯ. ಇನ್ನೂ ಕೆಳಗೆ, ಕನಕಪುರದಿಂದ ಮಳವಳ್ಳಿಗೆ ಬೆಳಗಿನ ಮೊದಲ ಬಸ್ಸು. ಎಷ್ಟೋ ಕೆಳಗೆ, ಮೈಸೂರಿನಿಂದ ಮಳವಳ್ಳಿಗೆ ಬೆಳಗಿನ ಮೊದಲ ಬಸ್ಸು. ತಪ್ಪಿ ಹೋದ ಆ ಎರಡು ಸಂಬಂಧ ಎಲ್ಲಿಯವೆಂದು ಯಾರೂ ಹೇಳದೆ ತಿಳಿಯಿತು.

"ಬಸ್ಸು ಸಿಗ್ಲಿಲ್ವಾ?" ಎಂದೆ.

"ಬಸ್ಸಿತ್ತು," ಎಂದಳು. "ಅವ್ರಿಗೆ ಬ್ಯಾಡ್ವಾಗಿತ್ತು."

ಆಮೇಲೆ ಸಂಡಿಗೆಯ ಕಡೆ ನೋಡುತ್ತಾ ನಿಧಾನವಾಗಿ ವಿವರಿಸಿದಳು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬರಬೇಕು. ಕಿರುಗಾವಲಿನ ಕಡೆಯಿಂದೆಲ್ಲ ಒಂದು ಲೋಟ ಕಾಫಿಯನ್ನೂ ಕುಡಿಯದೆ ಬಂದು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಬಾಗಿಲು ತೆಗೆಯುವುದು ತಡವಾದರೆ ವಯಸ್ಸಾದವರಿಗೆ ಕೈ ನಡುಗಲು ಶುರುವಾಗುತ್ತದೆ. ಬಾಗಿಲು ತೆಗೆಯುವವಳು ಅವಳೇ. ಕೆಲಸ ಬಿಡುವುದಿಲ್ಲ ಎಂದು ಎರಡು ಸಲ ದೊಡ್ಡವರ ಮುಂದೆ ತಾನೇ ಹೇಳಿ ಜೋರಿನ ಹುಡುಗಿ ಎನ್ನಿಸಿಕೊಂಡಿದ್ದಾಳೆ.

"ಈ ಸಲ ನಾನೇಳಲ್ಲ. ನಿಮ್ಗೆ ಒಪ್ಗೆ ಇದ್ರೆ ಕೆಳಗೋಗಿ ನೀವೇ ಹೇಳಿ. ಇಲ್ದಿದ್ರೆ ಇನ್ನೊಂದು ಕಾಫಿ ಕುಡ್ದು ಹೊರಡಿ, ಬ್ಯಾಸ್ರ ಇಲ್ಲ."

ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ನನ್ನ ಮುಖ ನೋಡುವುದಕ್ಕೂ ಮುಂಚೆ ಇವಳು ನಮ್ಮೂರಿಂದ ತನ್ನ ಕೆಲಸದವರೆಗಿನ ದಾರಿ ನೋಡಿಕೊಂಡಿದ್ದಾಳೆ. ಬರಬಹುದಾದ ಬದುಕನ್ನು ಮೊದಲ ಬಸ್ಸಿನಿಂದ ಹಿಡಿದು ಯೋಚಿಸಿದ್ದಾಳೆ. ಎರಡು ಕಡೆ ಬೇಡ ಎನ್ನಿಸಿಕೊಂಡ ಮೇಲೂ ಮೂರನೆಯ ಊರಿನ ಹೆಸರು ಹಾಕಿ ಮತ್ತೆ ಕೇಳಿದ್ದಾಳೆ. ಫೋನಿನ ಜೊತೆ ಬಂದ ಬ್ರೌಸರ್ ಅವಳಿಗೆ ಸಾಕಾಗಿತ್ತು.

ಕೆಳಗೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ಕಷ್ಟದ ಮಾತನ್ನು ಇನ್ನೊಬ್ಬರ ಧ್ವನಿಯಲ್ಲಿ ಹೇಳಿ ಜಾರಿಕೊಳ್ಳುವುದು ನನಗೆ ಅಭ್ಯಾಸ. ಮೇಷ್ಟ್ರ ಧ್ವನಿ ಹುಡುಕಿದೆ, ಸಿಗಲಿಲ್ಲ. ಚುನಾವಣೆಯ ಅಭ್ಯರ್ಥಿಯೂ ಕೈ ಕೊಟ್ಟ. ಕೊನೆಗೆ ಒಡೆದ ಕೊಳವೆಯಂಥ ನನ್ನದೇ ಧ್ವನಿ ಹೊರಟಿತು. ಅವರು ಮದುವೆಯಾದ ಮೇಲೂ ಲ್ಯಾಬಿನ ಕೆಲಸಕ್ಕೆ ಬರುತ್ತಾರೆ, ಅದಕ್ಕೆ ನೀವೆಲ್ಲ ಒಪ್ಪುವುದಾದರೆ ನನಗೂ ಒಪ್ಪಿಗೆ ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೋಳಿ ಕೂಗೋ ಹೊತ್ಗೆ ಅವ್ಳನ್ನ ಬಸ್ಟ್ಯಾಂಡ್‌ಗೆ ಬುಡೋರು ಯಾರ್ಲಾ?"

"ನಾನು."

"ನೀನಾ? ಆ ಹೊತ್ನಲ್ಲಿ ಸೂರ್ಯನ್ನ ಕಂಡಿದ್ದೀಯೇನ್ಲಾ ಯಾವತ್ತಾದ್ರೂ?"

ಮೊದಲು ನಕ್ಕವಳು ಮೆಟ್ಟಿಲ ಹತ್ತಿರ ನಿಂತಿದ್ದ ಭವ್ಯ. ಆಮೇಲೆ ಮನೆಯೆಲ್ಲ ನಕ್ಕಿತು. ಆ ನಗುವಿನಲ್ಲೇ ಅರ್ಧ ಮದುವೆ ಆಯಿತು. ಉಳಿದರ್ಧಕ್ಕೆ ಅವ್ವನ ಮುನಿಸು ಇಳಿಯುವವರೆಗೆ ಕಾಯಬೇಕಾಯಿತು.

ಈಗ ದಿನವೂ ಕಣ್ಣು ಪೂರ್ತಿ ಬಿಡದೆ ಬೈಕು ತೆಗೆಯುತ್ತೇನೆ. ಇವತ್ತು ಎರಡು ಸಲ ಬಸ್ ಸ್ಟ್ಯಾಂಡಿಗೆ ಓಡಾಡಿದೆ. ಮೊದಲು ಭವ್ಯ, ಆಮೇಲೆ ಅವ್ವ. ಅವ್ವನಿಗೂ ಸಕ್ಕರೆಯ ಅನುಮಾನ. ಪರೀಕ್ಷೆ ಸೊಸೆಯ ಕೈಯಲ್ಲೇ ಆಗಬೇಕೆಂದು ಹಠ. ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಮಳವಳ್ಳಿಯಿಂದ ಅವ್ವನ ಫೋನು ಬಂತು. ಹಿಂದೆ ಜನರ ಗುಜುಗುಜು.

"ಅತ್ತೆ ಅಂತ್ಲೂ ನೋಡ್ದೆ ಸಾಲ್ನಲ್ಲಿ ಕೂರ್ಸವ್ಳೆ ಕಣ್ಲಾ. ಕಿರುಗಾವಲಿನ ಮುದುಕಪ್ಪಂದು ಮೊದ್ಲಂತೆ, ನಂದು ಆಮೇಲಂತೆ. ಇಲ್ಲಿ ಎಲ್ಲಾರ್ಗೂ ಹೇಳ್ದೆ, ಅವ್ಳು ನಮ್ ಸೊಸೆ ಅಂತ."

ದೂರು ಹೇಳುವ ಅವ್ವ, ರೇಗುವ ಅವ್ವ, ದೇವರ ಮುಂದೆ ಗೊಣಗುವ ಅವ್ವ, ಎಲ್ಲ ಧ್ವನಿಗಳೂ ನನ್ನ ಗಂಟಲಲ್ಲಿವೆ. ನಮ್ ಸೊಸೆ ಎಂದ ಈ ಧ್ವನಿ ಅವುಗಳಲ್ಲಿ ಯಾವುದೂ ಅಲ್ಲ. ಬೆಳಿಗ್ಗೆಯಿಂದ ಸ್ಕ್ರೂ ಬಿಚ್ಚುತ್ತಾ ಆ ಧ್ವನಿಯನ್ನು ಹಿಡಿಯಲು ನೋಡುತ್ತಿದ್ದೇನೆ, ಇನ್ನೂ ಬಂದಿಲ್ಲ.