ಎಣ್ಣೆ ಹಾಕದ ಜೋಕಾಲಿ

ವಡೋದರಾದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಜೋಕಾಲಿ ಇದೆ. ಇಲ್ಲಿಯವರು ಹಿಂಚ್ಕೋ ಅನ್ನುತ್ತಾರೆ. ಅದಿಲ್ಲದ ಮನೆ ಕಡಿಮೆ. ನನ್ನ ಗಂಡನಿಗೆ ಬ್ಯಾಂಕಿನಿಂದ ಈ ಊರಿಗೆ ವರ್ಗವಾದಾಗ ಕುರ್ಚಿಗಿಂತ ಮೊದಲು ಇದನ್ನೇ ಕೊಂಡೆವು. ಹಿತ್ತಾಳೆಯ ಸರಳು, ಅಗಲವಾದ ಹಲಗೆ. ಚಹಾ, ಪೇಪರು, ಜಗಳ ಎಲ್ಲ ಅದರ ಮೇಲೆಯೇ.

ಮಗಳು ಒಂಬತ್ತನೇ ತರಗತಿಗೆ ಬಂದ ಮೇಲೆ ಅವರು ಅದನ್ನು ವಿಜ್ಞಾನದ ಪಾಠಕ್ಕೂ ಹಚ್ಚಿದರು. ಮೊದಲು ಖಾಲಿ ಹಲಗೆಯನ್ನು ಬೆರಳಿನಿಂದ ನೂಕಿಸಿದರು. ಆಮೇಲೆ ತಾವೇ ಕೂತು, "ಈಗ ನೂಕು" ಅಂದರು. ಅವಳು ಎರಡೂ ಕೈ ಹಚ್ಚಬೇಕಾಯಿತು. ಜೋರಾಗಿ ತೂಗುವಾಗ "ಈಗ ನಿಲ್ಸು" ಅಂದರು. ನಿಲ್ಲಿಸಲು ಹೋಗಿ ಅವಳೇ ಹಿಂದಕ್ಕೆ ಹೋದಳು.

"ಕಂಡ್ಯಾ? ಭಾರ ಇದ್ದದ್ದನ್ನ ಹೊಂಡ್ಸೂದೂ ಕಷ್ಟ, ನಿಲ್ಸೂದೂ ಕಷ್ಟ. ಅದ ಜಡತ್ವ."

"ಅಪ್ಪಾ, ನೀವು ಡಯಟ್ ಮಾಡಿದ್ರ ಜಡತ್ವ ಕಮ್ಮಿ ಆಗ್ತದೇನು?"

ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಹತ್ತನೇ ತರಗತಿಯಲ್ಲಿ ನಾನು ಅದೇ ಶಬ್ದವನ್ನು ಬಾಯಿಪಾಠ ಮಾಡಿ ಮರೆತಿದ್ದೆ.

ಜೋಕಾಲಿಯ ಕೊಂಡಿಗಳು ಕಿರುಗುಟ್ಟುತ್ತಿದ್ದವು. ಎಣ್ಣೆ ಹಾಕಿರಿ ಅಂದರೆ ಅವರು ಕೇಳುತ್ತಿರಲಿಲ್ಲ. "ಘರ್ಷಣೆ ಮಾತಾಡ್ಲಿಕ್ಕತ್ತದ, ಹುಡುಗಿಗೆ ಕೇಳ್ಸಲಿ. ಜೋಕಾಲಿ ತಾನಾಗೆ ನಿಲ್ಲೂದಿಲ್ಲ. ಕೊಂಡಿ ಮತ್ತ ಗಾಳಿ ಸೇರಿ ನಿಲ್ಲಸ್ತಾವ."

ಅವರು ಹೃದಯಾಘಾತವಾಗಿ ಹೋದರು, ಕಚೇರಿಯಲ್ಲೇ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ, ಮಗಳು ಪರೀಕ್ಷೆಗೆ ಓದುತ್ತ ಖಾಲಿ ಹಲಗೆಯನ್ನು ನೂಕಿ ನೋಡುತ್ತಿದ್ದಳು. ಧಾರವಾಡದಿಂದ ಬಂದಿದ್ದ ಅವರ ಅಣ್ಣ, ನನ್ನ ಭಾವ, ಅದನ್ನು ಕಂಡರು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಬಡಗಿಯನ್ನು ಕರೆತಂದರು.

"ಖಾಲಿ ಜೋಕಾಲಿ ತೂಗಬಾರದವಾ. ಅದರ ಮ್ಯಾಲೆ ಯಾರು ಕೂತಾರಂತ ತಿಳ್ಕೋಬೇಕು ಮಂದಿ? ಬಿಚ್ಚಿ ಅಟ್ಟದ ಮ್ಯಾಲೆ ಇಡೂಣು. ವರ್ಷ ತುಂಬಿದ ಮ್ಯಾಲೆ ನೋಡಿದ್ರಾತು."

ಅಟ್ಟ ಹತ್ತಿದ್ದು ನಮ್ಮ ಮನೆಯಲ್ಲಿ ಎಂದೂ ಇಳಿದಿಲ್ಲ. ಸ್ಟೂಲಿನ ಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದು ನಿಂತ ಬಡಗಿ, ಬಿಚ್ಚಲೋ ಬೇಡವೋ ಎಂದು ಹಿಂದಿಯಲ್ಲಿ ಕೇಳಿದ. ಕೇಳಿದ್ದು ಭಾವನವರನ್ನು. ಉತ್ತರ ಕೊಟ್ಟವಳು ನಾನು.

"ನಹೀಂ. ನೀಚೆ ಆವೋ, ಭಾಯ್."

ಭಾವನವರೆದುರು ನಾನು ಇಲ್ಲ ಅಂದದ್ದು ಅದೇ ಮೊದಲು. ಬಡಗಿ ಸ್ಟೂಲಿನಿಂದ ಕೆಳಗಿಳಿಯುವವರೆಗೆ ಅವರು ಕಾದರು. ಆಮೇಲೆ ದನಿ ಇಳಿಸಿ ಅಂದರು: "ಹಂಗಾರ ಒಂದೀಟು ಎಣ್ಣಿನರ ಹಾಕ್ಸು. ಸಪ್ಪಳ ಕೆಳಗಿನ ಮನಿತನಾ ಕೇಳ್ತದ. ಗಂಡ ಹೋಗಿ ತಿಂಗಳಾಗಿಲ್ಲ, ಜೋಕಾಲಿ ಆಡ್ತಾಳ ಅಂತಾರ."

"ಅನ್ನಲಿ ಭಾವನವರ. ಎಣ್ಣಿ ಹಾಕಿದ್ರ ಆಕಿಗೆ ಪಾಠ ಕೇಳ್ಸೂದಿಲ್ಲ."

ಬಡಗಿಗೆ ಚಹಾ ಕೊಟ್ಟು ಕಳಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಹಲಗೆಯ ನಟ್ಟನಡುವೆ, ಅವರು ಕೂರುತ್ತಿದ್ದಲ್ಲಿ ಕೂತೆ. ಭಾವ ಪೇಪರನ್ನು ಮುಖಕ್ಕೆ ಹಿಡಿದರು.

"ನೂಕವಾ" ಅಂದೆ ಮಗಳಿಗೆ.

ಅವಳು ದೊಡ್ಡಪ್ಪನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಪುಸ್ತಕ ಕೆಳಗಿಟ್ಟು ಎರಡೂ ಕೈ ಹಚ್ಚಿ ನೂಕಿದಳು. ಕೊಂಡಿಗಳು ಮನೆ ತುಂಬ ಕಿರುಗುಟ್ಟಿದವು.

"ಅಮ್ಮಾ, ನೀನೂ ಭಾಳ ಹೆವಿ ಇದ್ದೀ."

"ಇರಬೇಕು" ಅಂದೆ. "ನಿಲ್ಸಾಕ ಬಂದವರಿಗೂ ಕಷ್ಟ ಆಗ್ಬೇಕು."