ಮಾದೇವಕ್ಕನ ಸಂಜೆ ನನಗೆ ಯಾಕಿಲ್ಲ?

ಕಳೆದ ಭಾನುವಾರ ನನ್ನ ಅತ್ತೆ ನಾಟಿಯ ಹೆಂಗಸೊಬ್ಬಳ ಮುಂದೆ ಕೈಮುಗಿಯುವುದೊಂದು ಬಾಕಿ ಇತ್ತು. "ಇದೊಂದು ತುಂಡು ಗದ್ದೆ ಮುಗಿಸ್ಕೊಡೆ ಮಾದೇವಿ. ಇಷ್ಟು ಚೂರಿಗೆ ನಾಳೆ ಮತ್ತೆ ಎಲ್ಲರನ್ನೂ ಕರೀಬೇಕಾತದೆ" ಎಂದು ಗದ್ದೆಯ ಹಾಳಿಯ (ಬದುವಿನ) ಮೇಲೆ ನಿಂತು ಬೇಡಿಕೊಳ್ಳುತ್ತಿದ್ದರು. ಎಂಥ ಮೆದು ದನಿ ಅಂತೀರಿ! ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನನ್ನ ಜೊತೆ ಅವರು ಆ ದನಿಯಲ್ಲಿ ಒಮ್ಮೆಯೂ ಮಾತಾಡಿಲ್ಲ.

ಮಾದೇವಕ್ಕ ನಮ್ಮ ಗದ್ದೆಯ ನಾಟಿಗೆ ಬರುವ ಹೆಂಗಸರ ಗುಂಪಿನ ಮುಂದಾಳು. ಕೆಸರಿನಲ್ಲೇ ನಿಂತು ಸೊಂಟ ನೆಟ್ಟಗೆ ಮಾಡಿದಳು. ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯನ್ನು ಹಿಂದೆ ಸರಿಸಿ ಮೋಡ ನೋಡಿದಳು. "ಹೊತ್ತಾಯ್ತು ಅಮ್ಮ, ನಾಳೆ ಬರ್ತೇವು" ಎಂದಳು. ಅಷ್ಟೇ. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಕಾಲುವೆಗೆ ಹೋಗಿ ಕೈಕಾಲು ತೊಳೆದರು. ಏನೋ ಹೇಳಿಕೊಂಡು ನಗುತ್ತಾ ಮನೆ ಕಡೆ ನಡೆದರು. ಇನ್ನೂ ಬೆಳಕಿತ್ತು.

ನಾನೆಲ್ಲಿದ್ದೆ? ಅದೇ ಹಾಳಿಯ ಇನ್ನೊಂದು ತುದಿಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು. ಆ ಕಡೆ ನಮ್ಮ ಆಫೀಸಿನ ಸರ್. "ಮೇಡಂ, ಅರ್ಜೆಂಟ್ ಏನಿಲ್ಲ, ಸಣ್ಣದೊಂದು ಸ್ಟೇಟ್‌ಮೆಂಟ್..." (ಅರ್ಜೆಂಟ್ ಇಲ್ಲದ್ದಕ್ಕೆ ಭಾನುವಾರ ಫೋನ್. ಅರ್ಜೆಂಟ್ ಇದ್ದರೆ ಗದ್ದೆಗೇ ಬರುತ್ತಿದ್ದರೋ ಏನೋ.) ಸರ್‌ಗೆ "ಆಯ್ತು ಸರ್" ಎನ್ನುತ್ತಾ ಮಾದೇವಕ್ಕನ ಬೆನ್ನು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಸಣ್ಣಗೆ ಉರಿಯತೊಡಗಿತು. ಗ್ಯಾಸ್ ಅಲ್ಲ, ಹೊಟ್ಟೆಕಿಚ್ಚು.

ನಿಮಗೆ ಗೊತ್ತೇ ಇದೆ, ನಾನು ಹೊಟ್ಟೆಪಾಡಿಗೆ ಕಾರವಾರದ ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ಮಾದೇವಕ್ಕನಿಗೂ ನನಗೂ ಸೀಸನ್ ಒಂದೇ, ಜುಲೈ. ಅವಳದು ನಾಟಿ, ನಮ್ಮದು ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಎರಡೂ ಕಡೆ ಹೋಗುವುದು ಸೊಂಟವೇ. ಆದರೆ ಅವಳಿಗೆ ಸಂಜೆ ಎಂಬುದೊಂದಿದೆ. ನಾನು ಬೆಳಿಗ್ಗೆ ಬಾಳೆಗುಳಿ ಕ್ರಾಸಿನಲ್ಲಿ ಬಸ್ ಹತ್ತುವಾಗ ಮಗಳು ಮಲಗಿರುತ್ತಾಳೆ. ತಿರುಗಿ ಬರುವಾಗಲೂ ಮಲಗಿರುತ್ತಾಳೆ. ಈ ತಿಂಗಳು ಅವಳನ್ನು ಕಣ್ಣು ತೆರೆದ ಸ್ಥಿತಿಯಲ್ಲಿ ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಮೊನ್ನೆ ಅಜ್ಜಿಯನ್ನು ಕೇಳಿದಳಂತೆ, "ಅಮ್ಮ ಈಗ ಕಾರವಾರದಲ್ಲೇ ಇರೂದಾ?"

ನಮ್ಮ ಸರ್ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಪ್ರತಿ ವರ್ಷ ಸೀಸನ್‌ಗೆ ಮುಂಚೆ "ಈ ಸಲ ಹೊಸ ಕ್ಲೈಂಟ್ ಬೇಡವೇ ಬೇಡ" ಎನ್ನುತ್ತಾರೆ. ಆಮೇಲೆ ಯಾರದೋ ಮದುವೆ ಊಟಕ್ಕೆ ಹೋಗುತ್ತಾರೆ. ಬರುವಾಗ ತಾಂಬೂಲದ ಜೊತೆ ಹೊಸ ಕ್ಲೈಂಟ್‌ಗಳನ್ನೂ ತರುತ್ತಾರೆ. "ಹೇಗಾದರೂ ಮ್ಯಾನೇಜ್ ಮಾಡೋಣ" ಎನ್ನುತ್ತಾರೆ. ಮಾಡುವವರು ನಾವು. ಅವರು ಸಂಜೆಯಾಯಿತೆಂದರೆ ಬೀಚಿಗೆ ವಾಕಿಂಗ್ ಹೊರಡುತ್ತಾರೆ, ಡಾಕ್ಟರ್ ಹೇಳಿದ್ದಾರಂತೆ. ಮಳೆ ಬಿಟ್ಟ ದಿನ ಅಲ್ಲಿಂದ ಗ್ರೂಪಿಗೆ ಒಂದು ಫೋಟೊ ಬರುತ್ತದೆ, ಕೆಳಗೆ "ಟೀಮ್ ಅಂದರೆ ಫ್ಯಾಮಿಲಿ" ಎಂಬ ಸುವಿಚಾರ. ಕಾರವಾರದಲ್ಲಿ ಕೆಲಸ ಮಾಡುವ ನಾನು ಕಾರವಾರದ ಸೂರ್ಯಾಸ್ತ ನೋಡುವುದು ವಾಟ್ಸ್ಆಪ್‌ನಲ್ಲಿ!

ಇನ್ನು ಸಮೋಸ. ಸರ್ ಆಫೀಸಿಗೆ ಸಮೋಸ ತರಿಸಿದರು ಎಂದರೆ ನಮಗೆಲ್ಲ ಎದೆ ಧಸಕ್ ಎನ್ನುತ್ತದೆ. ಅವತ್ತು ರಾತ್ರಿ ಊಟದ ಹೊತ್ತಿಗೂ ಮನೆ ಸೇರುವುದಿಲ್ಲ ಎಂದೇ ಅರ್ಥ.

ಭಾನುವಾರ ನಾನು ಇನ್ನೊಂದನ್ನೂ ಗಮನಿಸಿದ್ದೆ. ಮಾದೇವಕ್ಕನ ಗುಂಪಿನಲ್ಲಿ ಗೌರಮ್ಮ ಎಂಬ ವಯಸ್ಸಾದ ಹೆಂಗಸಿದ್ದಾಳೆ. ಕೈ ನಿಧಾನ. ಅವಳನ್ನು ಸಾಲಿನ ನಟ್ಟನಡುವೆ ನಿಲ್ಲಿಸಿಕೊಳ್ಳುತ್ತಾರೆ. ಆಚೆಯವಳು ಒಂದಿಷ್ಟು, ಈಚೆಯವಳು ಒಂದಿಷ್ಟು ಅವಳ ಪಾಲಿನ ಸಸಿಯನ್ನೂ ಊರಿಕೊಂಡು ಹಿಂದೆ ಸರಿಯುತ್ತಾರೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಾಲು ಮಾತ್ರ ನೇರ. ಹಾಳಿಯ ಮೇಲೆ ನಿಂತು ನೋಡಿದರೆ ನಿಧಾನದವಳು ಯಾರೆಂದೇ ತಿಳಿಯುವುದಿಲ್ಲ.

ನಮ್ಮಲ್ಲಿ ನಿಧಾನದವರು ಪ್ರಸಾದಣ್ಣ. ಲೆಕ್ಕದಲ್ಲಿ ಹುಲಿ, ಕಂಪ್ಯೂಟರ್ ಮುಂದೆ ಇಲಿ. ಸರ್ ಅವರನ್ನು ತಮ್ಮ ಕ್ಯಾಬಿನ್ನಿನ ಗಾಜಿಗೆ ತಾಗಿಯೇ ಕೂರಿಸಿದ್ದಾರೆ. ಬೈಯಲು ಎದ್ದು ಬರುವ ಶ್ರಮ ಉಳಿಯಲಿ ಎಂದು. ಹೇಳಿ, ನನಗೆ ಗೌರಮ್ಮನ ಮೇಲೂ ಹೊಟ್ಟೆಕಿಚ್ಚಾದರೆ ತಪ್ಪೇ?

ಸೋಮವಾರ ನಿಶ್ಚಯ ಮಾಡಿದೆ. ಇನ್ನು ಮಾದೇವಕ್ಕನ ಪದ್ಧತಿಯೇ. ಆರು ಗಂಟೆಗೆ ಕಂಪ್ಯೂಟರ್ ಆಫ್ ಮಾಡಿದೆ. ಬ್ಯಾಗ್ ಹೆಗಲಿಗೇರಿಸಿ ಸೊಂಟ ನೆಟ್ಟಗೆ ಮಾಡಿದೆ. ಸಾಲಿಗೆ ಸಾಲೇ ಏಳುತ್ತದೆ ಎಂದು ಸುತ್ತ ನೋಡಿದೆ. ಯಾರೂ ಏಳಲಿಲ್ಲ. ಪ್ರಸಾದಣ್ಣ ಮಾನಿಟರಿನೊಳಗೆ ಇನ್ನಷ್ಟು ತಲೆ ಹುಗಿದರು. ಹೋದ ವರ್ಷ ಸೇರಿದ ದೇವಬಾಗದ ಹುಡುಗಿ ಶೈಲಾ ಸಣ್ಣ ದನಿಯಲ್ಲಿ ಕೇಳಿದಳು, "ಮೇಡಂ, ಸರ್ ಕೇಳಿದ್ರೆ ಎಂತ ಹೇಳೂದು?"

"ಹೊತ್ತಾಯ್ತು ಅಂತ ಹೇಳು" ಎಂದೆ. ಎಂಥ ಗತ್ತು!

ಬಸ್ಸಿನ ಕಿಟಕಿಯಾಚೆ ಬೆಳಕಿತ್ತು. ಜುಲೈ ತಿಂಗಳ ಸಂಜೆಗೆ ಬಣ್ಣವಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಮಗಳು ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾದಳು. "ಎಂತಾಯ್ತು? ಜ್ವರವಾ?" ಎಂದಳು. ಆಮೇಲೆ ಯಾರದೋ ಟಿಫಿನ್ ಡಬ್ಬಿಯೊಳಗೆ ಹಲ್ಲಿ ಸಿಕ್ಕಿದ ಕಥೆಯನ್ನು ಊಟ ಮುಗಿಯುವ ತನಕ ಹೇಳಿದಳು. ಊಟವಾದದ್ದೇ ನನ್ನ ತೊಡೆಯ ಮೇಲೆಯೇ ನಿದ್ದೆಹೋದಳು. ಅವತ್ತು ಈ ಲೋಕದಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ.

ಮಂಗಳವಾರ ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಶೈಲಾ ತಲೆ ಎತ್ತಲಿಲ್ಲ. ಪ್ರಸಾದಣ್ಣ ಹತ್ತಿರ ಬಂದು ಪಿಸುಗುಟ್ಟಿದರು. "ನಿಮ್ಮ ಫೈಲೆಲ್ಲ ನಿನ್ನೆ ಆ ಹುಡುಗಿ ತಲೆಗೆ ಬಿತ್ತು. ಬಸ್ ತಪ್ಪಿ, ಅವಳ ಅಣ್ಣ ಮಳೆಯಲ್ಲಿ ಬೈಕ್ ತಂದು ಕರಕೊಂಡು ಹೋದ." ಅಯ್ಯೋ ಪಾಪ ಎನಿಸಿತು. ಅಷ್ಟರಲ್ಲಿ ಸರ್ ಒಳಗೆ ಕರೆದರು.

"ನಿನ್ನೆ ನೀವು ಬೇಗ ಹೋದಿರಂತೆ."

"ಬೇಗ ಅಲ್ಲ ಸರ್, ಹೊತ್ತಿಗೆ" ಎಂದು ಬಾಯಿ ತೆರೆಯುವಷ್ಟರಲ್ಲಿ ಸರ್ ನಕ್ಕರು. "ಆದರೂ ಕೆಲಸ ನಿಂತಿಲ್ಲ ನೋಡಿ, ಶೈಲಾ ಕೈಯಲ್ಲಿ ಮಾಡಿಸಿದಿರಿ. ಡೆಲಿಗೇಶನ್ ಅಂದರೆ ಇದೇ. ನಿಮ್ಮಲ್ಲಿ ಲೀಡರ್‌ಶಿಪ್ ಇದೆ ಮೇಡಂ. ಮುಂದಿನ ತಿಂಗಳಿಂದ ನೀವೇ ಟೀಮ್ ಲೀಡರ್."

ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಹೊರಗೆ ಬಂದಾಗ ಪ್ರಸಾದಣ್ಣ "ಕಂಗ್ರಾಟ್ಸ್" ಎಂದರು, ಹುಳಿ ಮಾವಿನಕಾಯಿ ಕಚ್ಚಿದವರ ಮುಖದಲ್ಲಿ. ಇಷ್ಟು ದಿನ ನಾನು ಬೇರೆಯವರನ್ನು ಕಂಡು ಉರಿದೆ, ಇವತ್ತು ನನ್ನನ್ನು ಕಂಡು ಉರಿಯುವವರೂ ಹುಟ್ಟಿದರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಶೈಲಾಳಿಗೆ ಸಂಜೆ ಸಾರಿ ಎಂದು ಒಂದು ಮಾತು ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ. ಆರಕ್ಕೆ ಎದ್ದು ಬಂದೆ.

ಮನೆಯ ದಾರಿಯಲ್ಲಿ ಮಾದೇವಕ್ಕ ಸಿಕ್ಕಳು. ಬೇರೆ ಯಾರದೋ ಗದ್ದೆ ಮುಗಿಸಿ ಬರುತ್ತಿದ್ದಳು. ಗುಂಪು ಸ್ವಲ್ಪ ಮುಂದಿತ್ತು. ನನಗೆ ಹೇಳದೆ ತಡೆಯಲಾಗಲಿಲ್ಲ.

"ಮಾದೇವಕ್ಕ, ನಾನೂ ಈಗ ನಿಮ್ಮ ಹಾಗೆಯೇ. ಹೊತ್ತಾಯ್ತು ಅಂದರೆ ಆಯ್ತು. ಎದ್ದು ಬರ್ತೇನೆ."

"ಚಲೋ ಆಯ್ತೆ ತಂಗಿ. ಹುಡುಗಿ ಪಾಪ ದಿನಾ ದಾರಿ ನೋಡ್ತಿತ್ತು" ಎಂದಳು. ನಾಲ್ಕು ಹೆಜ್ಜೆ ನಡೆದು ಕೇಳಿದಳು, "ಉಳಿದವ್ರೂ ಎದ್ರಾ?"

"ಇಲ್ಲ. ಅವರಿಗೆ ಹೆದರಿಕೆ."

"ಮತ್ತೆ ನಿನ್ನ ಪಾಲಿನ ಕೆಲ್ಸ?"

"ಒಂದು ಹುಡುಗಿ ಮಾಡಿದಳು."

ಮಾದೇವಕ್ಕ ನಿಂತಳು. "ಅದೆಂತಾ ಏಳೂದೆ? ಸಾಲಲ್ಲಿ ಒಬ್ಳು ಎದ್ರೆ ಅವ್ಳ ಪಾಲು ಬದೀಗಿದ್ದವ್ಳ ಸೊಂಟಕ್ಕೇ ಬೀಳೂದು. ನಾ ಸುಮ್ನೆ ಏಳ್ತೆ ಅಂದ್ಕಂಡ್ಯಾ? ಮಧ್ಯಾನ ಚಾ ಕುಡಿಯೂಕೆ ಕೂತಾಗ್ಲೇ ಎಲ್ಲರ ಹತ್ರ ಕೇಳ್ಕಂಡಿರ್ತೆ, ಇವತ್ತು ಎಲ್ಲೀವರೆಗೆ ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಮಳೆ ಉಂಟು ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಮುಂದೆ ತಿರುವಿನಲ್ಲಿ ಹೆಂಗಸರೆಲ್ಲ ಅವಳಿಗಾಗಿ ಕಾಯುತ್ತ ನಿಂತಿದ್ದರು. ಗೌರಮ್ಮನೂ ಇದ್ದಳು. ನನಗಾಗಿ ಯಾರಾದರೂ ಹಾಗೆ ರಸ್ತೆಯಲ್ಲಿ ನಿಂತದ್ದುಂಟೇ? ಹೊಟ್ಟೆಯಲ್ಲಿ ಮತ್ತೆ ಶುರುವಾಯಿತು. ಈ ಸಲದ್ದು ಭಾನುವಾರದ್ದಕ್ಕಿಂತ ಜೋರು.

"ಹಂಗೆ ಒಬ್ಳೇ ಎದ್ದಿ ಹೋದವ್ಳನ್ನ ನಾವು ಮರುದಿನ ನಟ್ಟಿಗೆ ಕರಿಯೂದಿಲ್ಲ ತಂಗಿ" ಎಂದು ಮಾದೇವಕ್ಕ ಬಿರಬಿರನೆ ಮುಂದೆ ನಡೆದಳು.

ನಮ್ಮಲ್ಲಿ ಅಂಥವಳನ್ನು ಕ್ಯಾಬಿನ್ನಿಗೇ ಕರೆದು ಟೀಮ್ ಲೀಡರ್ ಮಾಡುತ್ತಾರೆ.