ಹುಳುಮನೆ ಬಾಗಿಲಿಗೆ ಸೈಕಲ್ ದಾರಿ

ನಮ್ಮ ದೊಡ್ಡಮ್ಮನ ಹುಳುಮನೆಗೆ ನೆಂಟರೂ ನೇರವಾಗಿ ನುಗ್ಗುವಂತಿಲ್ಲ. ಹೊರಗಿನವರ ಕಾಲಿನಿಂದ ರೇಷ್ಮೆಹುಳುವಿಗೆ ರೋಗ ಅಂಟುತ್ತದೆ. ಅದಕ್ಕೇ ಬಾಗಿಲಲ್ಲಿ ಸುಣ್ಣದ ಪುಡಿ, ಅದನ್ನು ತುಳಿದೇ ಒಳಗೆ. ಸೆಂಟು, ಊದುಬತ್ತಿ, ಬೀಡಿ ಯಾವುದರ ವಾಸನೆಯೂ ಆಗದು. ಮನೆ ಅಳಿಯನೇ ಆಗಲಿ, ತಲೆಯೆಣ್ಣೆ ಘಮ್ಮೆಂದರೆ ಅವನಿಗೆ ಕಾಫಿ ಆಚೆ ಜಗಲಿಯಲ್ಲೇ.

ಇದೆಲ್ಲ ಗೊತ್ತಿದ್ದೂ ನಾನು ಆ ಘನಕಾರ್ಯ ಮಾಡಿದೆ.

ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪೊಂದು ಇಂಟರ್ನೆಟ್ಟಿನಲ್ಲಿದೆ. ಅದರಲ್ಲಿ ಹೋಳೂರು ಕಡೆಯ ನಮ್ಮೂರು ಬರೀ ಒಂದು ಚುಕ್ಕೆ. ನನಗೆ ಅವಮಾನವಾಯಿತು. ಫೋನು ಜೇಬಿಗಿಟ್ಟುಕೊಂಡು ಕೆರೆಕಟ್ಟೆಯಿಂದ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದೆ. ನಡೆದದ್ದನ್ನು ಮ್ಯಾಪಿನಲ್ಲಿ ಗೆರೆಯಾಗಿ ಎಳೆದೆ. ಗೆರೆ ಎಳೆದರೆ ಸಾಲದು, ಅದಕ್ಕೆ ಟ್ಯಾಗ್ ಎಂಬ ಚೀಟಿ ಅಂಟಿಸಬೇಕು: ಇಲ್ಲಿ ನಡೆಯಬಹುದೇ, ಸೈಕಲ್ ಹೋಗುತ್ತದೆಯೇ. ನಾನು ಸೈಕಲ್ ಕಲಿತದ್ದೇ ಆ ಬದುವಿನ ಮೇಲೆ. ಎಷ್ಟು ಸಲ ಸೊಪ್ಪಿನೊಳಗೆ ಬಿದ್ದೆನೆಂಬುದನ್ನು ಮರೆತು 'ಸೈಕಲ್: ಹೌದು' ಎಂದು ಒತ್ತಿದೆ. ಬದು ಮುಗಿಯುವುದು ಹುಳುಮನೆಯ ಬಾಗಿಲಲ್ಲಿ ಎಂಬುದನ್ನೂ ಮರೆತೆ.

ಒಂದು ಭಾನುವಾರ ಬಿಗಿಚಡ್ಡಿಯ ಇಬ್ಬರು ಬೆಂಗಳೂರಿನವರು ಸುಣ್ಣದ ಪುಡಿಯ ಮುಂದೆ ಬ್ರೇಕ್ ಹಾಕಿದರು. ದೊಡ್ಡಮ್ಮ ಪೊರಕೆ ಅಡ್ಡ ಹಿಡಿದು ಅವರನ್ನು ತಿರುಗಿಸಿ ಕಳಿಸಿದವಳು ನೆಟ್ಟಗೆ ನನ್ನ ಬಳಿಗೇ ಬಂದಳು.

"ಎವರ್ರಾ ವಾಳ್ಳು? ಯಾರ್ಲಾ ಅವ್ರು? ಫೋನಲ್ಲಿ ದಾರಿ ಐತೆ ಅಂತಾರೆ. ಯಾವನ್ಲೇ ಅದನ್ನ ಇಟ್ಟೋನು?"

"ನಾನೇ, ದೊಡ್ಡಮ್ಮ."

"ಅಳಿಸ್ಲಾ ಮೊದ್ಲು! ಈ ಸಲ ಹುಳು ಕೆಟ್ರೆ ನಿನ್ನೇ ಚಂದ್ರಿಕೆಗೆ ಹಾಕ್ತೀನಿ, ಗೂಡು ಕಟ್ಟು."

ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ.

ಅಳಿಸಲು ಕೈ ಬರಲಿಲ್ಲ. ಅದು ನನ್ನ ಮೊದಲ ಗೆರೆ. ಟ್ಯಾಗುಗಳ ಪಟ್ಟಿ ಕೆದಕಿದಾಗ ಒಂದು ರಾಜಿ ಸಿಕ್ಕಿತು: 'ಸೈಕಲ್ ಇಳಿದು ತಳ್ಳಿಕೊಂಡು ಹೋಗತಕ್ಕದ್ದು'. ಅದನ್ನು ಅಂಟಿಸಿ "ಸರಿಮಾಡ್ದೆ" ಎಂದೆ. ಸುಳ್ಳೇನೂ ಅಲ್ಲ.

ಎರಡು ವಾರ ಕಳೆದು ಇನ್ನೊಂದು ಭಾನುವಾರ, ಹುಳುಗಳು ಹೆಚ್ಚುಕಮ್ಮಿ ಎಲ್ಲ ಒಟ್ಟಿಗೇ ಹಣ್ಣಾದವು. ಹಣ್ಣಾದ ಹುಳು ಹಳದಿ ತಿರುಗಿ, ತಲೆಯೆತ್ತಿ ಆಡಿಸುತ್ತದೆ. ಆಗಲೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ನೂಲು ಬಿಟ್ಟು, ತಿಂಗಳ ದುಡಿಮೆಯೆಲ್ಲ ಗಲೀಜಾಗಿ ಹೋಗುತ್ತದೆ. ಆಳುಗಳು ನೋಡಿದರೆ ಮುಳಬಾಗಿಲಿನಲ್ಲಿ ಮದುವೆಯೂಟಕ್ಕೆ ಕೂತಿದ್ದರು. ಇದ್ದದ್ದು ನಾನು, ದೊಡ್ಡಮ್ಮ, ನಾಲ್ಕೇ ಕೈ.

ಅಷ್ಟರಲ್ಲಿ ಬದುವಿನ ಮೇಲೆ ಎಂಟು ಜನ, ಟ್ಯಾಗಿಗೆ ವಿಧೇಯರಾಗಿ, ಸೈಕಲ್ ತಳ್ಳಿಕೊಂಡು ಬಂದರು.

ದೊಡ್ಡಮ್ಮ ನನ್ನತ್ತ ನೋಡಿದಳು. "ಅಳಿಸಿದೆ ಅಂದ್ಯಲ್ಲೋ, ಕಳ್ಳ?"

"ಸರಿಮಾಡ್ದೆ ಅಂದೆ."

ಪೊರಕೆ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳು ಆ ಎಂಟು ಜನರ ಹದಿನಾರು ಕೈಗಳನ್ನು ನೋಡುತ್ತಿದ್ದಳು.

"ಬನ್ರಪ್ಪಾ, ದಾರಿ ಈ ಮನೆ ಒಳಗಿಂದಾನೇ. ಟೋಪಿ, ಬೂಟು ಆಚೆ ಬಿಡಿ. ಸುಣ್ಣ ತುಳೀರಿ. ಕೈ ತೊಳ್ಕೊಳ್ಳಿ."

ಒಬ್ಬೊಬ್ಬರನ್ನೂ ಮೂಸಿ ನೋಡಿ ಒಳಗೆ ಬಿಟ್ಟು, ಹಣ್ಣು ಹುಳು ಆರಿಸಲು ಕೂರಿಸಿದಳು. ಬಿಸಿಲಿನ ಕ್ರೀಮು ಮೆತ್ತಿಕೊಂಡವನಿಗೆ ಮೂರು ಸಲ ಮುಖ ತೊಳೆಸಿದಳು. ಮೊದಲ ಹುಳುವಿಗೇ ಕಿರುಚಿದ ಹೆಂಗಸು ಅರ್ಧ ಗಂಟೆಯಲ್ಲಿ ನನಗೇ ತಾಕೀತು ಮಾಡುತ್ತಿದ್ದಳು: "ರೀ, ಅದು ಇನ್ನೂ ಕಾಯಿ. ಬಿಡಿ ಅದನ್ನ!"

ಮಧ್ಯಾಹ್ನಕ್ಕೆ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಎಂಟೂ ಜನ ಮುದ್ದೆ, ಉಪ್ಸಾರು ಉಂಡು, ಮುದ್ದೆ ಅಗಿದದ್ದಕ್ಕೆ ಬೈಸಿಕೊಂಡು, ಸೈಕಲ್ ತಳ್ಳುತ್ತ ಹೊರಟರು. ಗೂಡು ಬಿಳಿಯಾಗಿ, ಗಟ್ಟಿಯಾಗಿ ಬಂತು.

ಆ ಗೆರೆಯ ಮಾತನ್ನು ದೊಡ್ಡಮ್ಮ ಆಮೇಲೆ ಎತ್ತಲಿಲ್ಲ. ಒಂದು ದಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತಿದ್ದಳು.

"ಲೇ, ನಿನ್ ಸೈಕಲ್ನೋರು ಭಾನುವಾರಾನೇ ಬರೋದಾ?"

"ಹೂಂ. ಯಾಕೆ?"

"ಮರಿಹುಳು ಯಾವತ್ತು ತಂದ್ರೆ ಭಾನುವಾರಕ್ಕೆ ಹಣ್ಣಾಗ್ತವೆ ಅಂತ ನೋಡ್ತಾ ಇದೀನಿ. ಆ ಮ್ಯಾಪಲ್ಲಿ ಇನ್ನೊಂದು ಚೀಟಿ ಅಂಟ್ಸು, ಕ್ರೀಮು ಹಚ್ಕೊಂಡು ಬರ್ಬಾರ್ದು ಅಂತ."

ಪಟ್ಟಿಯನ್ನೆಲ್ಲ ಹುಡುಕಿದ್ದೇನೆ. ಅದಕ್ಕೊಂದು ಟ್ಯಾಗ್ ಇನ್ನೂ ಸಿಕ್ಕಿಲ್ಲ.